ದೇಸಾಯಿ ಸರ್ ದನಿಯಲ್ಲಿ ನಾನಾಡಿದ ಮಾತು

ಈರಣ್ಣನನ್ನು ದಾರಿ ತಪ್ಪಿಸಿದವನು ನಾನು. ಗಾಳಿಯಲ್ಲ, ನಕಾಶೆಯಲ್ಲ, ಅವನ ಲೆಕ್ಕವಂತೂ ಅಲ್ಲವೇ ಅಲ್ಲ — ನಾನು. ಕಮತಗಿಯ ಹೊರಗಿನ ಒಂದು ದಿಬ್ಬದ ಮೇಲೆ ನಿಂತು, ಕೈಯಲ್ಲಿ ರೇಡಿಯೊ ಹಿಡಿದು, ನಮಗೆ ವಿಮಾನ ಹಾರಿಸಲು ಕಲಿಸಿದ ದೇಸಾಯಿ ಸರ್ ಅವರ ದನಿ ತೆಗೆದು, ಆಕಾಶದಲ್ಲಿದ್ದ ಗೆಳೆಯನಿಗೆ ‘ಎಡಕ್ಕೆ ತಿರುಗು’ ಎಂದೆ. ಅವನು ತಿರುಗಿದ. ಆ ಒಂದು ತಿರುವಿನಿಂದ ಅವನಿಗೆ ಸಿಗಬೇಕಾಗಿದ್ದ ಸ್ಪರ್ಧೆ ನನಗೆ ಸಿಕ್ಕಿತು. ಒಂಬತ್ತು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಊರವರ ದನಿಯನ್ನೆಲ್ಲ ತೆಗೆದಿದ್ದೇನೆ. ಈ ಒಂದು ಮಾತನ್ನು ನನ್ನ ಸ್ವಂತ ದನಿಯಲ್ಲಿ ಹೇಳುವುದಕ್ಕೆ ಮಾತ್ರ —

ಇರಲಿ. ನನ್ನನ್ನು ಬಲ್ಲವರು ಇದನ್ನು ಓದಿ ‘ಶೇಖ್ಯಾ ಮತ್ತೊಂದು ಸೋಗು ಹಾಕಿದ’ ಎಂದು ನಗುತ್ತಾರೆ. ತಪ್ಪು ಅವರದಲ್ಲ. ಬಾಗಲಕೋಟೆಯಲ್ಲಿ ನನ್ನದೊಂದು ಸ್ಕೂಟರ್ ರಿಪೇರಿ ಅಂಗಡಿ. ಸ್ಕೂಟರ್ ತರುವವರಿಗಿಂತ ನಕಲು ಕೇಳಲು ಬರುವವರೇ ಅಲ್ಲಿ ಹೆಚ್ಚು. ಹುನಗುಂದ ಬಸ್ಸಿನ ಕಂಡಕ್ಟರು, ಬಿಕ್ಕಳಿಸುತ್ತ ಮಗ್ಗಿ ಹೇಳಿಸುತ್ತಿದ್ದ ನಮ್ಮ ಮಾಸ್ತರರು, ಮೂಗಿನಲ್ಲಿ ಮಾತಾಡುವ ಸೋದರಮಾವ — ಯಾರನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿಲ್ಲ, ನನ್ನ ದನಿಯನ್ನು ನಾನೇ ತೆಗೆದರೆ ಇಳಿಜಾರಿನಲ್ಲಿ ಖಾಲಿ ಡಬ್ಬಿ ಉರುಳಿದ ಹಾಗೆ ಕೇಳುತ್ತದೆ. ಒಮ್ಮೆ ತಲಬಾಗಿಲಲ್ಲಿ ನಿಂತು ಅಪ್ಪನ ದನಿಯಲ್ಲಿ ಕೆಮ್ಮಿದೆ. ಅವ್ವ ಗಡಬಡಿಸಿ ಹಂಚಿನ ಮೇಲೆ ರೊಟ್ಟಿ ಹಾಕಿದಳು, ಆಮೇಲೆ ಅದೇ ಕೈಯಿಂದ ನನ್ನ ಬೆನ್ನಿಗೂ ಹಾಕಿದಳು.

ಮೋಸ ಹೋಗದವನು ಈರಣ್ಣ ಒಬ್ಬನೇ. ಇಳಕಲ್ಲಿನ ನೇಕಾರರ ಮನೆಯ ಹುಡುಗ. ನನ್ನ ಜೊತೆ ಕಾಲೇಜಿಗೆ ಬಂದು, ನನಗಿಂತ ಹೆಚ್ಚು ಅಂಕ ತೆಗೆದು, ಮತ್ತೆ ಮಗ್ಗಕ್ಕೆ ಕೂತವನು. ಅವನು ನೇಯುವಾಗ ಹಿಂದಿನಿಂದ ಹೋಗಿ ಅವನಪ್ಪನ ದನಿಯಲ್ಲಿ ಗದರುತ್ತಿದ್ದೆ. ಅವನು ಲಾಳಿ ನಿಲ್ಲಿಸುತ್ತಿರಲಿಲ್ಲ, ತಲೆ ಎತ್ತುತ್ತಿರಲಿಲ್ಲ.

“ಶೇಖ್ಯಾ, ಚಾ ಕುಡದು ಹೋಗು.”

ಅಷ್ಟೇ.

ಸ್ಕೂಟರ್ ರಿಪೇರಿಯವನಿಗೂ ನೇಕಾರನಿಗೂ ವಿಮಾನ ಎಲ್ಲಿಂದ ಬಂತು ಎನ್ನುತ್ತೀರಾ? ಇಳಕಲ್ಲಿನ ಗ್ರಾನೈಟ್ ಸಾಹುಕಾರರೊಬ್ಬರಿಗೆ ಹಾರುವ ಹುಚ್ಚು ಹಿಡಿಯಿತು. ಎರಡು ಸೀಟಿನ, ಬಟ್ಟೆ ಹೊದಿಸಿದ ರೆಕ್ಕೆಯ ಒಂದು ಸಣ್ಣ ವಿಮಾನ ತರಿಸಿದರು. ಬೇವೂರಿನ ಆಚೆ ಗರಸು ನೆಲವನ್ನು ಸಮ ಮಾಡಿಸಿ, ಒಂದು ತಗಡಿನ ಶೆಡ್ಡು ನಿಲ್ಲಿಸಿ, ಅದಕ್ಕೆ ಕ್ಲಬ್ಬು ಎಂದು ಹೆಸರಿಟ್ಟರು. ವಾಯುಪಡೆಯಿಂದ ನಿವೃತ್ತರಾಗಿದ್ದ ದೇಸಾಯಿ ಸರ್ ಅವರನ್ನು ಧಾರವಾಡದಿಂದ ಕರೆತಂದರು. ಒಮ್ಮೆ ಮೇಲೆ ಹೋಗಿ ಬಂದ ಮೇಲೆ ಸಾಹುಕಾರರು ಮತ್ತೆ ಹತ್ತಲಿಲ್ಲ. ಕೆಳಗೆ ನಿಂತು ನೋಡುವುದೇ ಅವರಿಗೆ ಸಾಕಾಯಿತು. ಎಂಜಿನ್ ನೋಡಿಕೊಳ್ಳಲೆಂದು ನನ್ನನ್ನು ಕರೆದರು. ನಾನು ಈರಣ್ಣನನ್ನು ಎಳೆದುಕೊಂಡು ಹೋದೆ. ಅವನು ಮೊದಲ ದಿನವೇ ರೆಕ್ಕೆಯ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಸೆರಗು ನೋಡುವವರ ಹಾಗೆ ಉಜ್ಜಿ, “ನೇಯ್ಗಿ ಚಲೋ ಐತಿ. ಹತ್ತಬಹುದು” ಎಂದ. ಕಲಿಯಲು ಬಂದ ಎಂಟು ಜನರಲ್ಲಿ ಲೈಸೆನ್ಸು ಕೈಗೆ ಬರುವ ತನಕ ಉಳಿದವರು ನಾವಿಬ್ಬರೇ. ಹೆಮ್ಮೆಯಿಂದಲೇ ಹೇಳುತ್ತೇನೆ — ಬಾದಾಮಿಯ ಕೆಂಪು ಬಂಡೆಗಳನ್ನು ಹದ್ದು ನೋಡುವ ಹಾಗೆ ಮೇಲಿನಿಂದ ನೋಡಿದವರು ನಮ್ಮ ಓಣಿಗಳಲ್ಲಿ ನಾವಿಬ್ಬರೇ.

ಸರ್ ಅವರದೊಂದು ಪದ್ಧತಿ ಇತ್ತು. ಇದನ್ನು ನೀವು ನೆನಪಿಡಬೇಕು, ಏಕೆಂದರೆ ನನ್ನ ಪಾಪ ಹುಟ್ಟಿದ್ದು ಇದರಲ್ಲೇ. ಒಬ್ಬೊಬ್ಬರೇ ಹಾರುತ್ತಿರುವಾಗ ಅವರು ರೇಡಿಯೊದಲ್ಲಿ ಬೇಕೆಂದೇ ತಪ್ಪು ಹೇಳುತ್ತಿದ್ದರು. ಸರಿಯಾದ ದಾರಿಯಲ್ಲಿ ಹೊರಟವನಿಗೆ, “ಏ, ಎಲ್ಲಿ ಹೊಂಟೀಯೋ? ಎಡಕ್ಕ ತಿರಗು!” ಎಂದು ಗುಡುಗುವುದು. ಹೆದರಿ ತಿರುಗಿದವನು ಇಳಿದ ಮೇಲೆ ವಿಮಾನವನ್ನು ಒಬ್ಬನೇ ಶೆಡ್ಡಿನವರೆಗೆ ನೂಕಬೇಕು. “ಗಾಳಿಯೊಳಗ ಯಾರ ಮಾತೂ ನಂಬಬ್ಯಾಡ್ರಿ. ನನ್ನ ಮಾತಂತೂ ಮೊದಲ ನಂಬಬ್ಯಾಡ್ರಿ. ನಕಾಶಿ, ಕಂಪಾಸು, ಗಡಿಯಾರ — ಈ ಮೂರ ನಿಮ್ಮ ಅಪ್ಪ-ಅವ್ವ” ಎನ್ನುತ್ತಿದ್ದರು. ನಕಾಶೆ, ದಿಕ್ಸೂಚಿ, ಗಡಿಯಾರ ಮೂರಾದರೆ ಅಪ್ಪ-ಅವ್ವ ಇಬ್ಬರೇ ಅಲ್ಲವೇ ಎಂದು ನಾನು ಕೇಳಿದ್ದಕ್ಕೂ ಒಮ್ಮೆ ನೂಕಿಸಿದರು. ನಾನು ಎಷ್ಟು ಸಲ ನೂಕಿದ್ದೇನೆಂದರೆ ವಿಮಾನದ ಬಾಲದ ಮೇಲೆ ನನ್ನ ಎರಡೂ ಕೈಗಳ ಎಣ್ಣೆಯ ಗುರುತು ಮೂಡಿತ್ತು. ಈರಣ್ಣ ಒಂದು ಸಲವೂ ನೂಕಲಿಲ್ಲ. ಸರ್ ಗುಡುಗಿದರೆ ಗುಡುಗಲಿ, ಅವನು ತನ್ನ ಪೆನ್ಸಿಲ್ ಗೆರೆಯ ಮೇಲೆಯೇ ಹೋಗುತ್ತಿದ್ದ.

ಎರಡು ಸಾವಿರದ ಇಸವಿಯ ಚಳಿಗಾಲದಲ್ಲಿ ನೆರೆ ರಾಜ್ಯದ ಕ್ಲಬ್ಬೊಂದರಿಂದ ಕಾಗದ ಬಂತು — ಸಣ್ಣ ವಿಮಾನಗಳ ದಾರಿ ಹುಡುಕುವ ಸ್ಪರ್ಧೆ. ಯಾರು ಜೋರಾಗಿ ಹೋಗುತ್ತಾರೆ ಎಂಬುದಲ್ಲ ಅಲ್ಲಿನ ಪ್ರಶ್ನೆ. ಹಾರುವ ಮುಂಚೆ ಮುಚ್ಚಿದ ಲಕೋಟೆ ಕೊಡುತ್ತಾರೆ. ಒಳಗೆ ಮುಟ್ಟಬೇಕಾದ ಗುರುತುಗಳ ಪಟ್ಟಿ. ನಕಾಶೆಯ ಮೇಲೆ ಗೆರೆ ಎಳೆದು, ಗಾಳಿ ಲೆಕ್ಕ ಹಾಕಿ, ಯಾವ ಗುರುತಿನ ಮೇಲೆ ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡಿಗೆ ಇರುತ್ತೇನೆ ಎಂದು ನೀವೇ ಬರೆದುಕೊಡಬೇಕು. ಆಮೇಲೆ ಬರೆದ ಹಾಗೆ ಹಾರಬೇಕು. ಒಂದು ಸೆಕೆಂಡು ಮೊದಲಾದರೂ ಅಂಕ ಹೋಯಿತು, ತಡವಾದರೂ ಹೋಯಿತು. ಒಂದು ಕ್ಲಬ್ಬಿನಿಂದ ಒಬ್ಬನೇ ಪೈಲಟ್.

ಒಬ್ಬನೇ. ನಾವು ಇಬ್ಬರು.

ಸರ್ ನಮಗೆ ಅದೇ ರೀತಿಯ ಒಂದು ಪರೀಕ್ಷೆ ಇಟ್ಟರು. ಬೇವೂರಿನಿಂದ ಹೊರಟು ಕೂಡಲಸಂಗಮದಲ್ಲಿ ಹೊಳೆಗಳು ಕೂಡುವ ಜಾಗ, ಹುನಗುಂದ, ಇಳಕಲ್ಲು, ಬಾದಾಮಿಯ ಕೆರೆ, ಕಮತಗಿಯ ಆಚೆ ಒಂದು ಹಳ್ಳದ ಸೇತುವೆ, ಮತ್ತೆ ಬೇವೂರು. ಒಬ್ಬ ಹಾರುವ ದಿನ ಇನ್ನೊಬ್ಬ ಆ ಸೇತುವೆಯ ಹತ್ತಿರದ ದಿಬ್ಬದ ಮೇಲೆ ಜೀಪಿನಲ್ಲಿ ಹೋಗಿ, ಸ್ಟಾಪ್‌ವಾಚ್ ಮತ್ತು ಕೈ ರೇಡಿಯೊ ಹಿಡಿದು ನಿಂತು, ವಿಮಾನ ಸೇತುವೆ ದಾಟಿದ ಕ್ಷಣವನ್ನು ಬರೆದುಕೊಳ್ಳಬೇಕು. ರೇಡಿಯೊ ಅಪಾಯಕ್ಕೆ ಮಾತ್ರ. ಸರ್ ಬೇವೂರಿನಲ್ಲಿ. ಆ ಸೆಟ್ಟಿನ ಮಾತು ನೆಲದಿಂದ ನೆಲಕ್ಕೆ ಅಷ್ಟು ದೂರ ಮುಟ್ಟುತ್ತಿರಲಿಲ್ಲ. ಮೇಲಿದ್ದವನಿಗೆ ಮಾತ್ರ ಎರಡೂ ಕಡೆಯದು ಕೇಳುತ್ತಿತ್ತು. ಅಂದರೆ — ದಿಬ್ಬದ ಮೇಲೆ ನಿಂತು ನಾನೇನು ಅಂದರೂ ಕೇಳುವವನು ಈರಣ್ಣ ಒಬ್ಬನೇ.

ನನ್ನ ಪರೀಕ್ಷೆ ಮೊದಲು ಆಯಿತು. ಕೆಟ್ಟದಾಗಿರಲಿಲ್ಲ. ಸೇತುವೆಯ ಹತ್ತಿರ ಹದಿನೇಳು ಸೆಕೆಂಡು ತಡ. ನೂಕುವುದರಲ್ಲಿ ಪಳಗಿದವನಿಗೆ ಅದು ದೊಡ್ಡ ಸಾಧನೆಯೇ.

ಮರುದಿನ ಈರಣ್ಣನ ಸರದಿ. ಹೊರಡುವ ಮುಂಚೆ ಅವನ ನಕಾಶೆ ನೋಡಿದೆ. ನಮ್ಮ ನಕಾಶೆಗಳು ಹಳೆಯವು. ಅಣೆಕಟ್ಟಿನ ಹಿನ್ನೀರು ಬರುವ ಮುಂಚಿನವು. ಅವುಗಳಲ್ಲಿ ಹಳೆಯ ಬಾಗಲಕೋಟೆಯ ನಮ್ಮ ಓಣಿ ಇತ್ತು. ನೆಲದ ಮೇಲೆ ಇರಲಿಲ್ಲ. ನಾನು ಅದನ್ನು ಹಾಗೆಯೇ ಇಟ್ಟುಕೊಂಡು ಹಾರಿದ್ದೆ. ಈರಣ್ಣ ವಾರಗಟ್ಟಲೆ ಸೈಕಲ್ ತುಳಿದು, ನೀರು ಎಲ್ಲಿಯವರೆಗೆ ಬಂದಿದೆ ಎಂದು ದಂಡೆಯುದ್ದಕ್ಕೂ ನೋಡಿ ಬಂದು, ನೀಲಿ ಪೆನ್ಸಿಲ್ಲಿನಿಂದ ತುಂಬಿದ್ದ. ಆ ನೀಲಿಯ ನಡುವೆ ಒಂದು ಚುಕ್ಕೆ ಮಾತ್ರ ಬಿಳಿಯಾಗಿತ್ತು.

“ಇದ್ಯಾಕ ಬಿಟ್ಟೀದಿ?” ಎಂದೆ.

“ಅದು ನಿಮ್ಮ ಮನಿ. ಅದರ ಮ್ಯಾಲ ನೀಲಿ ತಿಕ್ಕಾಕ ಮನಸ್ಸ ಬರಲಿಲ್ಲ” ಎಂದ.

ಇಂಥವನಿಗೆ ನಾನು — ಅದೂ ಅದೇ ದಿನ, ಮೂರು ತಾಸಿನ ಒಳಗೆ —

ದಿಬ್ಬದ ಮೇಲೆ ನಿಂತೆ. ಅವನು ಬರೆದುಕೊಟ್ಟ ಸಮಯ ನನ್ನ ಕೈಯ ಚೀಟಿಯಲ್ಲಿತ್ತು. ಬಾದಾಮಿಯ ಕಡೆಯಿಂದ ಮೊದಲು ಸದ್ದು ಬಂತು, ಆಮೇಲೆ ಒಂದು ಚುಕ್ಕೆ, ಆಮೇಲೆ ರೆಕ್ಕೆ. ನೂಲು ಹಿಡಿದು ಎಳೆದ ಹಾಗೆ ನೇರ ಸೇತುವೆಗೇ ಬರುತ್ತಿದ್ದ. ಸ್ಟಾಪ್‌ವಾಚ್ ನೋಡಿದೆ, ಚೀಟಿ ನೋಡಿದೆ, ಮತ್ತೆ ಆಕಾಶ ನೋಡಿದೆ. ತಡವೂ ಅಲ್ಲ, ಮೊದಲೂ ಅಲ್ಲ. ಇವನು ಸೊನ್ನೆ ಸೆಕೆಂಡಿಗೆ ದಾಟುತ್ತಾನೆ — ಅದು ನನ್ನ ಕಣ್ಣಿಗೆ ಕಟ್ಟಿತು. ಆ ಸೊನ್ನೆಯನ್ನು ಸಹಿಸಲಾಗಲಿಲ್ಲ. ತಮಾಷೆಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ತಮಾಷೆ ಮಾಡುವಾಗ ನಾನು ಸುತ್ತ ಯಾರೂ ಇಲ್ಲವೆಂದು ಮೊದಲು ನೋಡಿಕೊಳ್ಳುವುದಿಲ್ಲ.

ಗುಂಡಿ ಒತ್ತಿದೆ. ಸರ್ ಗಂಟಲಿನ ಗೊಗ್ಗರು, ಸರ್ ಉಸಿರು, ಸರ್ ಗದರಿಕೆ — ಎಲ್ಲ ತಂದೆ.

“ಏ ಈರಣ್ಣ, ಎಲ್ಲಿ ಹೊಂಟೀಯೋ? ಪಾಯಿಂಟ ಹಿಂದ ಉಳೀತು. ಎಡಕ್ಕ ತಿರಗು!”

ಮನಸ್ಸಿನಲ್ಲಿ ಒಂದು ಜಾಮೀನೂ ಇಟ್ಟುಕೊಂಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಸರ್ ದಿನಾಲೂ ಇದನ್ನೇ ಮಾಡುತ್ತಾರಲ್ಲ? ತಿರುಗಿದರೆ ಅದು ತಿರುಗಿದವನ ತಪ್ಪಲ್ಲವೇ? ಈರಣ್ಣ ಈ ಗದರಿಕೆಗೆ ಎಂದೂ ಬಗ್ಗಿದವನಲ್ಲ. ಇವತ್ತೂ ತಿರುಗುವುದಿಲ್ಲ, ಬಿಡು…

ವಿಮಾನ ಒಂದು ಕ್ಷಣ ಹಾಗೆಯೇ ಬಂತು. ಆಮೇಲೆ ಎಡ ರೆಕ್ಕೆ ಬಾಗಿತು. ಸೇತುವೆ ಇನ್ನೇನು ಕೂಗಳತೆಯಲ್ಲಿರುವಾಗ ಅವನು ತಿರುಗಿ, ಬಂದ ದಿಕ್ಕಿನ ಕೆಂಪು ಗುಡ್ಡಗಳ ಕಡೆ ಹೊರಟ.

ನನ್ನ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ‘ನಾನಲೇ, ಶೇಖ್ಯಾ, ಹೊಳ್ಳಿ ಬಾ’ ಎಂದಿದ್ದರೆ ಸಾಕಿತ್ತು. ಅವನು ಹೋದಷ್ಟು ದೂರಕ್ಕೂ ನನ್ನ ಮಾತು ಮುಟ್ಟುತ್ತಿತ್ತು. ಒತ್ತಲಿಲ್ಲ. ಸದ್ದು ಸಣ್ಣದಾಯಿತು, ಅತ್ತ ಇತ್ತ ಸುತ್ತಿತು, ಆಮೇಲೆ ನಿಂತೇಹೋಯಿತು. ಆಗ ಪೆಟ್ರೋಲು ನೆನಪಾಯಿತು. ಲೆಕ್ಕದ ದಾರಿಗೆ ಬೇಕಾದಷ್ಟೇ ತುಂಬಿಸಿದವನು ನಾನೇ.

ಜೀಪು ಹೇಗೆ ಓಡಿಸಿದೆನೋ ಗೊತ್ತಿಲ್ಲ. ಹೊಲದಿಂದ ಹೊಲಕ್ಕೆ ಕೇಳುತ್ತ ಹೋದೆ. ಗುಡ್ಡದ ಬುಡದಲ್ಲಿ, ಕಡಲೆ ಕಿತ್ತ ಒಂದು ಹೊಲದಲ್ಲಿ ವಿಮಾನ ನಿಂತಿತ್ತು — ನಿಂತಿತ್ತು ಎನ್ನುತ್ತಿದ್ದೇನೆ, ಬಿದ್ದಿರಲಿಲ್ಲ. ಬದುವಿನ ಮೇಲೆ ಈರಣ್ಣ ಒಬ್ಬ ಮುದುಕಿಯ ಪಕ್ಕ ಕೂತು ರೊಟ್ಟಿ ತಿನ್ನುತ್ತಿದ್ದ.

“ನಿಮ್ಮ ಕಡಿಯಂವನೇನಪಾ ಇಂವಾ?” ಎಂದಳು ಮುದುಕಿ. “ಕಡ್ಲಿ ಕಿತ್ತ ಮ್ಯಾಲ ಇಳದಾನ, ಪುಣ್ಯಾ ಮಾಡ್ಯಾನ. ಹದಿನೈದ ದಿನಾ ಮೊದಲ ಬಂದಿದ್ರ ಬಡಿಗಿ ತಗೊಂತಿದ್ದೆ.”

“ಬಾ, ರೊಟ್ಟಿ ತಿನ್ನು” ಎಂದ ಈರಣ್ಣ.

ಅವನು ಇಳಿದ ಜಾಗವನ್ನು ನಡೆದು ನೋಡಿದೆ. ಇವತ್ತಿಗೂ ಅದನ್ನು ನೆನೆದರೆ ಎದೆ ಉಬ್ಬುತ್ತದೆ. ಇತ್ತ ಬದು, ಅತ್ತ ಕಲ್ಲಿನ ಒಡ್ಡು, ನಡುವೆ ಒಂದು ಬಾವಿ. ಎಂಜಿನ್ ನಿಂತ ವಿಮಾನವನ್ನು ಬಾವಿಯ ಮಗ್ಗುಲಿಗೆ, ಸಾಲು ತಪ್ಪದ ಹಾಗೆ ಇಳಿಸಿದ್ದ. ಚಕ್ರದ ಗುರುತು ಎರಡು ಎಳೆ ನೂಲು ಹಾಸಿದ ಹಾಗೆ ನೇರವಾಗಿತ್ತು. ಬಟ್ಟೆಗೆ ಒಂದು ಗೀರೂ ಬಿದ್ದಿರಲಿಲ್ಲ. ಅಂಥ ಇಳಿತವನ್ನು ನಾನು ಈ ಜನ್ಮದಲ್ಲಿ ಮಾಡಲಾರೆ. ಸರ್ ಕೂಡ ಆಮೇಲೆ ಆ ಹೊಲ ನೋಡಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ವಾಚ್ ಎಷ್ಟಕ್ಕ ನಿಲ್ಲಿಸಿದಿ?” ಎಂದು ಈರಣ್ಣ ಕೇಳಿದ. ಕೈ ನೋಡಿಕೊಂಡೆ. ಸ್ಟಾಪ್‌ವಾಚ್ ಇನ್ನೂ ಓಡುತ್ತಿತ್ತು.

ಸಂಜೆ ಬೇವೂರಿನ ಶೆಡ್ಡಿನಲ್ಲಿ ಸರ್ ಅವನನ್ನು ಮುಂದೆ ನಿಲ್ಲಿಸಿಕೊಂಡರು.

“ಯಾಕ ತಿರಗಿದ್ಯೋ?”

“ದಾರಿ ತಪ್ಪಿತ್ರಿ, ಸರ್.”

“ನೀನಾ? ದಾರಿ ತಪ್ಪಿದ್ಯಾ?”

“ಹೂನ್ರಿ. ನಾನಽ.”

ಸರ್ ನನ್ನ ಕಡೆ ತಿರುಗಿದರು. “ನೀ ಅಲ್ಲೇ ಇದ್ದಿ. ಏನರ ಕಂಡ್ಯಾ?”

“ಇಲ್ರಿ ಸರ್” ಎಂದೆ. ನನ್ನ ಸ್ವಂತ ದನಿಯಲ್ಲೇ ಹೇಳಿದೆ. ಇಷ್ಟು ವರ್ಷ ತೆಗೆದ ದನಿಗಳಲ್ಲೆಲ್ಲ ಅಷ್ಟು ನಕಲಿಯಾದದ್ದು ಇನ್ನೊಂದಿಲ್ಲ.

ಸ್ಪರ್ಧೆಗೆ ನನ್ನ ಹೆಸರು ಹೋಯಿತು. ಹೋದ ಮೇಲೆ ಈರಣ್ಣ ಮುನಿಸಿಕೊಂಡಿದ್ದರೆ, ಬೈದಿದ್ದರೆ, ನನ್ನ ಅಂಗಡಿಯ ಕಡೆ ಬರುವುದನ್ನು ಬಿಟ್ಟಿದ್ದರೆ — ಎಷ್ಟು ಹಗುರಾಗುತ್ತಿತ್ತು! ಅವನು ಮಾಡಿದ್ದು ಏನು ಗೊತ್ತೇ? ಉಳಿದ ಒಂದು ತಿಂಗಳು ನನ್ನನ್ನು ತಯಾರು ಮಾಡಿದ. ‘ಹದಿನೇಳು ಸೆಕೆಂಡ ಅಂದ್ರ ಸಣ್ಣದಲ್ಲಲೇ, ಅಷ್ಟರಾಗ ಒಂದ ಊರ ದಾಟತೈತಿ’ ಎಂದು ನನ್ನನ್ನು ಮಗ್ಗದ ಮನೆಯಲ್ಲಿ ನೆಲಕ್ಕೆ ಕೂಡಿಸಿದ. ತಾನು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತು ಲಾಳಿ ಹೊಡೆಯುವುದು. ಲಾಳಿಯ ಒಂದು ಏಟಿಗೆ ಒಂದು ಸೆಕೆಂಡು. ನಾನು ಕಣ್ಣು ಮುಚ್ಚಿ ಅದನ್ನು ಮೈಗೆ ಹಿಡಿಸಿಕೊಳ್ಳುವುದು. ಎಷ್ಟೋ ದಿನ ಆದ ಮೇಲೆ ಅವನು ಲಾಳಿ ನಿಲ್ಲಿಸಿದರೂ ನನ್ನೊಳಗೆ ಅದು ಹೊಡೆಯುತ್ತಲೇ ಇರುತ್ತಿತ್ತು. ಒಂದು ನಿಮಿಷ ಎಣಿಸಿ ಕಣ್ಣು ತೆರೆದರೆ ಗಡಿಯಾರಕ್ಕೂ ನನಗೂ ಕೂದಲೆಳೆ ಅಂತರ. ನಕಾಶೆಯ ಮೇಲೆ ಉದ್ದಕ್ಕೂ ಗೆರೆ ಎಳೆದು ನಿಮಿಷಕ್ಕೊಂದು ಅಡ್ಡಗೆರೆ ಹಾಕುವುದನ್ನು ಕಲಿಸಿದ. ಇಟ್ಟಿಗೆ ಭಟ್ಟಿಯ ಹೊಗೆ ನೋಡಿ ಗಾಳಿ ಹೇಳುವುದನ್ನು ಕಲಿಸಿದ. ನನ್ನ ಬೈಕಿನ ಹಿಂದೆ ಕೂತು, ಬಾಗಲಕೋಟೆಯಿಂದ ಬಾದಾಮಿಯವರೆಗೆ, “ಆ ಬೇವಿನ ಗಿಡಕ್ಕ ಎಷ್ಟ ಸೆಕೆಂಡ? ಆ ಗುಡಿಗೆ ಎಷ್ಟ?” ಎಂದು ಕೇಳುತ್ತ ಬರುತ್ತಿದ್ದ. ತಪ್ಪಿದರೆ ತಲೆಗೆ ಮೊಟಕುತ್ತಿದ್ದ. ನಾನು ನಗುತ್ತಿದ್ದೆ. ಹೌದು, ಮೊಟಕಿಸಿಕೊಂಡು ನಗುತ್ತಿದ್ದೆ.

ಸ್ಪರ್ಧೆಯ ದಿನ, ಕಂಡು ಕೇಳರಿಯದ ನೆಲದ ಮೇಲೆ, ಮೂರನೆಯ ಗುರುತು ದಾಟುತ್ತಿದ್ದ ಹಾಗೆ ನನ್ನ ಸ್ಟಾಪ್‌ವಾಚಿನ ಗುಂಡಿ ಕಚ್ಚಿ ಕೂತಿತು. ಕೈಗಡಿಯಾರದಲ್ಲಿ ಸೆಕೆಂಡ್ ಮುಳ್ಳಿರಲಿಲ್ಲ. ಕಣ್ಣು ನಕಾಶೆಯ ಮೇಲಿಟ್ಟು ಒಳಗಿನ ಲಾಳಿಯನ್ನು ಬಿಟ್ಟೆ. ಟಕ್, ಟಕ್, ಟಕ್ — ಇಳಕಲ್ಲಿನ ಆ ಮಗ್ಗ ನನ್ನ ಕಾಲ ಬುಡದಲ್ಲಿ ನೇಯುತ್ತಿತ್ತು. ಉಳಿದ ಗುರುತುಗಳನ್ನೆಲ್ಲ ಅದೇ ಎಣಿಕೆಯಲ್ಲಿ ಮುಟ್ಟಿದೆ. ದೊಡ್ಡ ದೊಡ್ಡ ಊರುಗಳ ಕ್ಲಬ್ಬಿನವರ ನಡುವೆ ಬೇವೂರಿನ ತಗಡಿನ ಶೆಡ್ಡಿಗೆ ಎರಡನೆಯ ಸ್ಥಾನ ಬಂತು. ಪಟ್ಟಿ ಓದುವವರು ‘ಬೇವೂರು ಎಲ್ಲಿದೆ?’ ಎಂದು ಕೇಳಿದರು. ಆಕಾಶದಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ ಎಂದೆ.

ಇಳಕಲ್ಲಿನಲ್ಲಿ ಸಾಹುಕಾರರ ಅಂಗಳದಲ್ಲಿ ಸತ್ಕಾರವಾಯಿತು. ನನ್ನ ತಲೆಗೆ ರುಮಾಲು ಸುತ್ತಿದವನು ಈರಣ್ಣ. ಸುತ್ತುವಾಗ ಅವನ ಮುಖದಲ್ಲಿ ಇದ್ದದ್ದು ಹೆಮ್ಮೆ — ಕಲಬೆರಕೆ ಇಲ್ಲದ ಹೆಮ್ಮೆ. ಅದನ್ನು ಹತ್ತಿರದಿಂದ ನೋಡಿದವನು ನಾನೊಬ್ಬನೇ. ಜನ ನಕಲು ಮಾಡು ಎಂದರು, ಎಲ್ಲರದೂ ಮಾಡಿದೆ. “ದೇಸಾಯಿ ಸರ್ ಅವರದೊಂದು ಆಗಲಿ!” ಎಂದು ಯಾರೋ ಕೂಗಿದರು. ಸರ್ ಕೂಡ ನಗುತ್ತ ಕಾಯುತ್ತಿದ್ದರು. ಗಂಟಲು ಕಟ್ಟಿದೆ ಎಂದೆ. ಅವತ್ತಿನಿಂದ ಆ ದನಿಯನ್ನು ನಾನು ತೆಗೆದಿಲ್ಲ.

ಮುಂದಿನ ವರ್ಷ ಈರಣ್ಣನೇ ಹೋಗಬೇಕೆಂದು ಸರ್ ಹೇಳಿದ್ದರು. ಮುಂದಿನ ವರ್ಷ ಬರುವುದರೊಳಗೆ ಸಾಹುಕಾರರ ಹುಚ್ಚು ಇಳಿದಿತ್ತು, ವಿಮಾನ ಮಾರಿದರು. ಸರ್ ಧಾರವಾಡಕ್ಕೆ ಮರಳಿದರು. ಶೆಡ್ಡಿನಲ್ಲಿ ಈಗ ಮೇವು ಒಟ್ಟುತ್ತಾರಂತೆ. ನಮ್ಮಿಬ್ಬರಲ್ಲಿ ನಿಜವಾದ ಪೈಲಟ್ ಯಾರಾಗಿದ್ದನೋ ಅವನಿಗೆ ಒಂದೇ ಒಂದು ಅವಕಾಶ ಇತ್ತು. ಅದು ಕಮತಗಿಯ ಸೇತುವೆಯಿಂದ ಕೂಗಳತೆಯಲ್ಲಿತ್ತು.

ಇದನ್ನು ಬರೆಯುವುದಕ್ಕೆ ಕಾರಣ, ಆ ದಿನ ಅಂಗಳದಲ್ಲಿ ಕೂತು ಚಪ್ಪಾಳೆ ತಟ್ಟಿದ ಎಲ್ಲರೂ ಇದನ್ನು ಓದಬೇಕು. ಈರಣ್ಣ ದಾರಿ ತಪ್ಪಿದ್ದ ಎಂದು ಇಳಕಲ್ಲಿನಲ್ಲಿ ಇಂದಿಗೂ ಚೇಷ್ಟೆ ಮಾಡುವವರಿದ್ದಾರೆ — ಅದನ್ನು ನಗುನಗುತ್ತ ಹಬ್ಬಿಸಿದವರಲ್ಲಿ ನಾನೂ ಒಬ್ಬ. ಅವನು ತಪ್ಪಲಿಲ್ಲ. ಧಾರವಾಡಕ್ಕೂ ಒಂದು ಪ್ರತಿ ಕಳಿಸುತ್ತೇನೆ; ಸರ್ ನನಗೆ ಏನನ್ನು ನೂಕು ಎಂದರೂ ನೂಕುತ್ತೇನೆ. ಆದರೆ ಅಚ್ಚಿಗೆ ಹೋಗುವ ಮುಂಚೆ ಅವನಿಗೇ ಹೇಳಬೇಕಲ್ಲ?

ಹೋದ ತಿಂಗಳು ಸ್ಪರ್ಧೆಯ ಫಲಕವನ್ನು ಒಂದು ಕೈಚೀಲದಲ್ಲಿ ಹಾಕಿಕೊಂಡು ಇಳಕಲ್ಲಿಗೆ ಹೋದೆ. ಬಾಗಿಲಲ್ಲಿ ನಿಂತು ಯಾರ ದನಿಯನ್ನೂ ತೆಗೆಯಲಿಲ್ಲ. ಈರಣ್ಣ ನೇಯುತ್ತಿದ್ದ. ಮಗ್ಗದ ಪಕ್ಕ ಕೂತು, ಮೊದಲಿನಿಂದ ಕೊನೆಯವರೆಗೆ, ನಿಮಗೆ ಹೇಳಿದ ಹಾಗೆಯೇ ಹೇಳಿದೆ. ಅವನು ಲಾಳಿ ನಿಲ್ಲಿಸಲಿಲ್ಲ. ಮುಗಿದ ಮೇಲೆ ಫಲಕವನ್ನು ತೆಗೆದು ಅವನ ಮುಂದೆ ಇಟ್ಟೆ. ಒಂಬತ್ತು ವರ್ಷ ನನ್ನನ್ನು ಕೊರೆದ ಒಂದು ಪ್ರಶ್ನೆ ಉಳಿದಿತ್ತು. ಅದನ್ನೂ ಕೇಳಿಬಿಟ್ಟೆ.

“ಸರ್ ಎಷ್ಟ ಸಲ ಒದರಿದ್ರೂ ನೀ ಒಮ್ಮಿನೂ ತಿರಗಿದಾವ ಅಲ್ಲ. ಆವತ್ತ ಒಂದಿನಾ ಯಾಕ ತಿರಗಿದ್ಯೋ, ಈರಣ್ಣ?”

ಆಗ ಲಾಳಿ ನಿಂತಿತು. ಫಲಕದ ಕಡೆ ಅವನು ನೋಡಲೇ ಇಲ್ಲ. ನನ್ನ ಮುಖ ನೋಡಿ, ಇದೂ ಗೊತ್ತಾಗಲಿಲ್ಲವೇ ಎಂಬ ಹಾಗೆ ಹೇಳಿದ:

“ಸರ್ ದನಿ ಆಗಿದ್ರ ನಾ ತಿರಗ್ತಿದ್ದಿಲ್ಲಲೇ, ಶೇಖ್ಯಾ. ನಿಂದಽ ಅಂತ ಗೊತ್ತಾತು — ಅದಕ್ಕ ನಂಬಿ ತಿರಗಿದೆ.”